ವರ್ಣಚಕ್ರವನ್ನು ಗೋಡೆಯಿಂದ ಇಳಿಸಿ, ಗೊಂಬೆಗೆ ಹಚ್ಚೋಣ

ಅಭ್ಯಾಸ ಬೋಧನೆ ಶುರುವಾಯಿತೆಂದರೆ ಕಲಾ ಶಿಕ್ಷಣದ ಪಾಠಗಳಲ್ಲಿ ವರ್ಣಚಕ್ರದ ಚಾರ್ಟು ತಪ್ಪದೆ ಕಾಣಿಸಿಕೊಳ್ಳುತ್ತದೆ. ಹನ್ನೆರಡು ಮನೆಗಳ ಚಕ್ರ, ನಡುವೆ ಒಂದು ತ್ರಿಕೋನ, ಅಂಚಿಗೆ ಮಿಂಚಿನ ಕಾಗದ. ಥರ್ಮಾಕೋಲಿನ ಮೇಲೆ ಅಂಟಿಸಿ ತಿರುಗುವ ಹಾಗೆ ಮಾಡಿದ್ದರೆ ಬೋಧನೋಪಕರಣದ ಅಂಕ ಪೂರ್ತಿ. ‘ಪ್ರಾಥಮಿಕ ಬಣ್ಣಗಳು ಯಾವುವು?’ ಎಂದು ಪ್ರಶಿಕ್ಷಣಾರ್ಥಿ ಕೇಳುತ್ತಾರೆ. ‘ಕೆಂಪು, ಹಳದಿ, ನೀಲಿ’ ಎಂದು ತರಗತಿ ಒಕ್ಕೊರಲಿನಿಂದ ಹೇಳುತ್ತದೆ. ಪಾಠ ಯೋಜನೆಯಲ್ಲಿ ಬರೆದ ಉದ್ದೇಶಗಳೆಲ್ಲ ಈಡೇರಿದವೆಂದು ವೀಕ್ಷಣಾ ಪುಸ್ತಕದಲ್ಲಿ ನಾವೂ ಬರೆಯುತ್ತೇವೆ. ಆ ನಲವತ್ತು ನಿಮಿಷಗಳಲ್ಲಿ ಯಾವ ಮಗುವೂ ಬಣ್ಣದ ಬಗ್ಗೆ ಒಂದೇ ಒಂದು ತೀರ್ಮಾನವನ್ನೂ ಸ್ವಂತವಾಗಿ ತೆಗೆದುಕೊಂಡಿರುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಚಾರ್ಟು ಬೇಡ ಎಂಬುದು ನನ್ನ ವಾದವಲ್ಲ. ವರ್ಣಚಕ್ರ ಒಂದು ನಕಾಶೆಯಿದ್ದಂತೆ. ನಕಾಶೆ ಎಷ್ಟರಮಟ್ಟಿಗೆ ಸರಿ, ಎಲ್ಲಿ ಕೈಕೊಡುತ್ತದೆ ಎಂಬುದು ದಾರಿ ನಡೆದವರಿಗೆ ಮಾತ್ರ ಗೊತ್ತು. ಆ ದಾರಿಯಾಗಿ ನಾನು ಸೂಚಿಸುವುದು ಅಂಗೈಯಗಲದ ಮಣ್ಣಿನ ಗೊಂಬೆಗೆ ಬಣ್ಣ ಹಚ್ಚುವ ಕೆಲಸವನ್ನು. ನೀರು ಹೊತ್ತ ಹೆಂಗಸು, ಕಂಬಳಿ ಹೊದ್ದ ಕುರುಬ, ಜೋಡೆತ್ತು, ಏನಾದರೂ ಸರಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಮಕ್ಕಳಿಗೆ ಮಣ್ಣು ಮಿದಿಯುವುದನ್ನು ನಾವು ಕಲಿಸಬೇಕಾಗಿಯೂ ಇಲ್ಲ.

ಮೊದಲು, ಚಾರ್ಟಿನಿಂದ ಮಗುವಿಗೆ ಆಗುವ ಒಂದು ಅನ್ಯಾಯದ ವಿಷಯ. ಕೆಂಪಿಗೆ ನೀಲಿ ಸೇರಿಸಿದರೆ ನೇರಳೆ ಎಂದು ಚಕ್ರ ಹೇಳುತ್ತದೆ. ಮಗು ಅಂಗಡಿಯ ಪೋಸ್ಟರ್ ಬಣ್ಣದ ಡಬ್ಬಿಯಿಂದ ಎರಡನ್ನೂ ತೆಗೆದು ಕಲಸುತ್ತದೆ. ಬರುವುದು ನೇರಳೆಯಲ್ಲ, ಕೆಸರಿನಂಥ ಕಂದು. ‘ಅಳತೆ ತಪ್ಪಿದೆ, ಇನ್ನೊಮ್ಮೆ ಮಾಡು’ ಎನ್ನುತ್ತಾರೆ ಶಿಕ್ಷಕರು. ಇನ್ನೊಮ್ಮೆ ಮಾಡಿದರೂ ಕಂದೇ. ಕೊನೆಗೆ ಮಗು ತನ್ನ ಕೈಯೇ ಸರಿಯಿಲ್ಲ ಎಂದುಕೊಂಡು ಸುಮ್ಮನಾಗುತ್ತದೆ. ಕೈಯಲ್ಲಿ ದೋಷವಿರಲಿಲ್ಲ. ಡಬ್ಬಿಯಲ್ಲಿದ್ದದ್ದು ಸಿಂಧೂರದ ಕಡೆಗೆ, ಅಂದರೆ ಕಿತ್ತಳೆಯ ಕಡೆಗೆ ವಾಲಿದ ಕೆಂಪು. ನೀಲಿಯೋ ಹಸಿರಿನ ಕಡೆಗೆ ವಾಲಿದ್ದು. ಆ ಕೆಂಪು, ಬೆಳಕಿನಲ್ಲಿರುವ ನೀಲಿ ಮತ್ತು ನೇರಳೆ ಭಾಗವನ್ನು ನುಂಗುತ್ತದೆ. ಆ ನೀಲಿ, ಕೆಂಪು ಭಾಗವನ್ನು ನುಂಗುತ್ತದೆ. ಎರಡೂ ಸೇರಿದ ಮೇಲೆ ನಮ್ಮ ಕಣ್ಣಿಗೆ ಹಿಂದಿರುಗಿ ಬರಲು ನೇರಳೆ ಉಳಿದಿರುವುದೇ ಇಲ್ಲ. ಕ್ರಿಮ್ಸನ್ ಎಂದು ಮಾರುವ ಕಡುಗೆಂಪಿಗೆ ಅಲ್ಟ್ರಾಮರೀನ್ ನೀಲಿ ಬೆರೆಸಿದರೆ ಚೆಲುವಾದ ನೇರಳೆಯೇ ಬರುತ್ತದೆ, ಏಕೆಂದರೆ ಅವೆರಡೂ ನೇರಳೆಯ ಕಡೆಗೇ ವಾಲಿದವು. ಕೆಂಪು ಎಂದರೆ ಒಂದೇ ಕೆಂಪಲ್ಲ ಎಂಬ ಈ ಸಣ್ಣ ಸಂಗತಿಯನ್ನು ಚಾರ್ಟು ಬಚ್ಚಿಡುತ್ತದೆ. ಕಲಸಿದ ಬಣ್ಣವನ್ನು ಒಂದು ವಸ್ತುವಿಗೆ ಹಚ್ಚಲೇಬೇಕಾಗಿ ಬಂದಾಗ ಅದು ತಾನೇ ಹೊರಬೀಳುತ್ತದೆ.

ಇನ್ನೊಂದು ತೊಡಕು ನಮ್ಮ ವಿಷಯ ವಿಭಜನೆಯದು. ಕಲಾ ತರಗತಿಯಲ್ಲಿ ಪ್ರಾಥಮಿಕ ಬಣ್ಣಗಳು ಕೆಂಪು, ಹಳದಿ, ನೀಲಿ. ಭೌತಶಾಸ್ತ್ರದ ತರಗತಿಯಲ್ಲಿ ಕೆಂಪು, ಹಸಿರು, ನೀಲಿ. ಮುದ್ರಣಾಲಯಕ್ಕೆ ಹೋದರೆ ಸಯಾನ್, ಮಜೆಂಟಾ, ಹಳದಿ, ಜೊತೆಗೆ ಕಪ್ಪು. ಬೆಳಕನ್ನು ಕೂಡಿಸುವಾಗಿನ ಲೆಕ್ಕ ಬೇರೆ, ಬೆಳಕನ್ನು ಕಳೆಯುವ ಬಣ್ಣಪುಡಿಯ ಲೆಕ್ಕ ಬೇರೆ. ಬಣ್ಣಗಳನ್ನು ವೃತ್ತದಲ್ಲಿ ಜೋಡಿಸಿದ ನ್ಯೂಟನ್ 1704ರ ತನ್ನ ‘ಆಪ್ಟಿಕ್ಸ್’ನಲ್ಲಿ ಹೇಳುತ್ತಿದ್ದದ್ದು ಬೆಳಕಿನ ಮಾತನ್ನು. ಹನ್ನೆರಡು ಮನೆಗಳ ಚಕ್ರವನ್ನು ನಮ್ಮ ಕಾಲಕ್ಕೆ ಜನಪ್ರಿಯಗೊಳಿಸಿದವರಲ್ಲಿ ಮುಖ್ಯನಾದ ಯೊಹಾನೆಸ್ ಇಟೆನ್, ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಮೇಷ್ಟರಾಗಿದ್ದವನು. ಅವನ ಬಣ್ಣದ ಪುಸ್ತಕ ಬಂದದ್ದು 1961ರಲ್ಲಿ, ಅವನ ಮಾತು ಚಿತ್ರಕಾರನ ಮಾತು. ಎರಡನ್ನೂ ಒಂದೇ ಚಾರ್ಟಿಗೆ ತುರುಕಿದರೆ ಮಗುವಿನ ಎದುರು ಇಬ್ಬರು ಶಿಕ್ಷಕರು ಪರಸ್ಪರ ಸುಳ್ಳುಗಾರರಾಗುತ್ತಾರೆ. ಎರಡು ವರ್ಷದ ಬಿ.ಇಡಿ. ಬಂದ ಮೇಲೆ ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಎಲ್ಲ ವಿಷಯದ ಪ್ರಶಿಕ್ಷಣಾರ್ಥಿಗಳಿಗೂ ಇದೆ. ವಿಜ್ಞಾನದವರೂ ಕಲೆಯವರೂ ಕೂತು ಈ ಗಂಟನ್ನು ಬಿಡಿಸುವ ಜಂಟಿ ಪಾಠವೊಂದನ್ನು ಮಾಡಬಾರದೇಕೆ? ಇದೇ ಜಾಡಿನಲ್ಲಿ ಇನ್ನೊಂದು ಮಾತು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ ಎಂದು ಆರತಿಯ ನೀರು ಕದಡಿದ ಯಾವ ಹುಡುಗಿಯೂ ಹೇಳಿಯಾಳು. ಹಳದಿಗೆ ಬಿಳಿ ಸೇರಿದರೆ ಕೆಂಪೆಂದು ಯಾವ ಚಕ್ರವೂ ಹೇಳುವುದಿಲ್ಲ. ಅದು ಬಣ್ಣದ ಬೆರಕೆಯಲ್ಲ, ಕ್ಷಾರಕ್ಕೆ ಅರಿಶಿನ ತೋರುವ ರಾಸಾಯನಿಕ ಪ್ರತಿಕ್ರಿಯೆ. ಹುಡುಗಿಯನ್ನು ಸುಮ್ಮನೆ ಕೂರಿಸುವವರಿಗೆ ಎರಡು ಪಾಠಗಳು ಒಟ್ಟಿಗೆ ತಪ್ಪಿಹೋಗುತ್ತವೆ.

ಗೊಂಬೆ ಪುಟ್ಟದೇ ಏಕಿರಬೇಕು? ಹಾಳೆಯ ಮೇಲೆ ಹೂವಿಗೆ ಬಣ್ಣ ತುಂಬಿದರೆ ಸಾಲದೇ? ಲೆಕ್ಕ ಹಾಕಿ ನೋಡೋಣ. 7 ಸೆಂಟಿಮೀಟರ್ ಎತ್ತರದ ಗೊಂಬೆ, 168 ಸೆಂಟಿಮೀಟರ್ ಎತ್ತರದ ಮನುಷ್ಯನ 24ರಲ್ಲಿ ಒಂದು ಪಾಲು. ಅದನ್ನು ಕಣ್ಣಿನಿಂದ 40 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ, 9.6 ಮೀಟರ್ ಆಚೆ ನಿಂತ ಮನುಷ್ಯನನ್ನು ನೋಡಿದಂತೆ. ಪಾಶ್ಚಾತ್ಯ ದೇಶಗಳಲ್ಲಿ ಮೇಜಿನ ಮೇಲಿನ ಯುದ್ಧದಾಟಕ್ಕೆಂದು 28 ಮಿಲಿಮೀಟರ್ ಅಳತೆಯ ಸೈನಿಕ ಗೊಂಬೆಗಳಿಗೆ ಬಣ್ಣ ಹಚ್ಚುವ ದೊಡ್ಡ ಹವ್ಯಾಸವೇ ಇದೆ. ಅವು ಕೈಯಲ್ಲಿದ್ದರೂ ಸುಮಾರು 24 ಮೀಟರ್ ಆಚೆ ಇದ್ದಂತೆ. ಅನುಪಾತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗಣಿತದವರಿಗೆ ಸಿಕ್ಕೀತೇ? ಅಷ್ಟು ದೂರದಿಂದ ಕಾಣುವ ವಸ್ತುವಿನಲ್ಲಿ ಬಣ್ಣದ ಸಣ್ಣಪುಟ್ಟ ಸೊಗಸುಗಳು ಕರಗಿಹೋಗುತ್ತವೆ. ಸೀರೆಯ ನೆರಿಗೆ ಮಣ್ಣಿನಲ್ಲಿ ಒಂದು ಮಿಲಿಮೀಟರ್ ಆಳವೂ ಇರುವುದಿಲ್ಲ, ಕೋಣೆಯ ಬೆಳಕಿಗೆ ಅಲ್ಲಿ ಕಣ್ಣಿಗೆ ಬೀಳುವಂಥ ನೆರಳು ಮೂಡುವುದಿಲ್ಲ. ಹಾಗಾಗಿ ಬೆಳಕನ್ನೂ ನೆರಳನ್ನೂ ಬಣ್ಣದಿಂದಲೇ ಬರೆಯಬೇಕು. ಇಲ್ಲಿ ವರ್ಣಚಕ್ರ ಬಾಯಿಪಾಠವಾಗಿ ಉಳಿಯುವುದಿಲ್ಲ, ಕೆಲಸಕ್ಕೆ ಬೇಕಾಗುತ್ತದೆ.

ಮಕ್ಕಳು ನೆರಳೆಂದರೆ ಕಪ್ಪು, ಬೆಳಕೆಂದರೆ ಬಿಳಿ ಎಂದು ಹಚ್ಚುತ್ತಾರೆ. ಕೆಂಪು ಸೀರೆಗೆ ಬಿಳಿ ಬೆರೆಸಿದರೆ ಅದು ಬೆಳಗುವುದಿಲ್ಲ, ಗುಲಾಬಿಯಾಗುತ್ತದೆ. ಹಳದಿ ರುಮಾಲಿಗೆ ಕಪ್ಪು ಬೆರೆಸಿದರೆ ನೆರಳಲ್ಲ, ಪಾಚಿಯ ಹಸಿರು ಬರುತ್ತದೆ; ಇದನ್ನು ಕಂಡ ತರಗತಿ ಒಮ್ಮೆ ಗೊಳ್ಳೆಂದು ನಗುವುದು ಖಂಡಿತ, ನಗಲಿ. ಆಮೇಲೆ ಚಕ್ರವನ್ನು ತೋರಿಸಿ. ಕೆಂಪಿನ ಉಬ್ಬಿಗೆ ಪಕ್ಕದ ಮನೆಯ ಕಿತ್ತಳೆ, ಕೆಂಪಿನ ತಗ್ಗಿಗೆ ಎದುರು ಮನೆಯ ಹಸಿರನ್ನು ಚಿಟಿಕೆಯಷ್ಟು ಬೆರೆಸಿದ ಮಂಕು ಕೆಂಪು. ಹಸಿರಿನ ಉಬ್ಬಿಗೆ ಹಳದಿ. ಎದುರು ಬಣ್ಣಗಳು ಅಕ್ಕಪಕ್ಕ ಇದ್ದರೆ ಒಂದನ್ನೊಂದು ಮೆರೆಸುತ್ತವೆ, ಬೆರೆತರೆ ಒಂದನ್ನೊಂದು ಮಂಕುಗೊಳಿಸುತ್ತವೆ ಎಂಬ ಮಾತನ್ನು ಪರೀಕ್ಷೆಗೆ ಬರೆಸುವ ಬದಲು ಕುಂಚದ ತುದಿಯಲ್ಲಿ ತೋರಿಸಬಹುದು.

ಆದರೆ ಎದುರು ಬಣ್ಣಗಳ ಈ ನಿಯಮವೂ ಅಳತೆಗೆ ತಕ್ಕಂತೆ ಬದಲಾಗುತ್ತದೆ. ಹಸಿರು ಒಡಲಿನ ಇಳಕಲ್ ಸೀರೆಗೆ ಕೆಂಪು ಸೆರಗು ಎಷ್ಟು ಒಪ್ಪುತ್ತದೆ! ಅದೇ ಕೆಂಪು ಹಸಿರನ್ನು ಗೊಂಬೆಯ ಮೇಲೆ ಕೂದಲೆಳೆಯಂಥ ಪಟ್ಟಿಗಳಾಗಿ ಬರೆದು ಕೈ ಉದ್ದಕ್ಕೆ ಹಿಡಿದು ನೋಡಿ, ಕಣ್ಣು ಅವನ್ನು ಬೇರ್ಪಡಿಸಲಾರದೆ ಮಂಕು ಕಂದಾಗಿ ಕೂಡಿಸಿಬಿಡುತ್ತದೆ. ಈ ವಿಷಯದಲ್ಲಿ ಪ್ರಶಿಕ್ಷಣಾರ್ಥಿಗಳು ತಿಳಿದಿರಬೇಕಾದ ಹೆಸರು ಷೆವ್ರೆಲ್. ಫ್ರಾನ್ಸಿನ ಈ ರಸಾಯನ ವಿಜ್ಞಾನಿ 1824ರಲ್ಲಿ ಪ್ಯಾರಿಸಿನ ಗೋಬ್ಲಾ ಚಿತ್ರಗಂಬಳಿ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮುಖ್ಯಸ್ಥನಾದ. ಕಪ್ಪು ನೂಲಿನ ಬಣ್ಣ ಕಳಪೆಯಾಗಿದೆ ಎಂಬ ದೂರು ಅವನ ಮುಂದೆ ಬಂತು. ನೂಲನ್ನು ಪರೀಕ್ಷಿಸಿದರೆ ಕಪ್ಪು ಚೆನ್ನಾಗಿಯೇ ಇತ್ತು. ನೀಲಿ ಮತ್ತು ನೇರಳೆಯ ನಡುವೆ ನೇಯ್ದಾಗ ಮಾತ್ರ ಅದು ಸತ್ವ ಕಳೆದುಕೊಂಡಂತೆ ಕಾಣುತ್ತಿತ್ತು. ತಪ್ಪು ಬಣ್ಣದ ಕಡಾಯಿಯಲ್ಲಿರಲಿಲ್ಲ, ನೆರೆಹೊರೆಯಲ್ಲಿತ್ತು. ಈ ಜಾಡು ಹಿಡಿದು ಅವನು ಬಣ್ಣಗಳ ಸಹವಾಸದ ನಿಯಮಗಳ ಮೇಲೆ ದೊಡ್ಡ ಗ್ರಂಥವನ್ನೇ 1839ರಲ್ಲಿ ಪ್ರಕಟಿಸಿದ. ಒಂದು ದೂರನ್ನು ಕೆಲಸಗಾರನ ಮೇಲೆ ಹೊರಿಸದೆ ಪ್ರಶ್ನೆಯಾಗಿ ತೆಗೆದುಕೊಂಡ ಬಗೆ ಇದೆಯಲ್ಲ, ಕಂದು ಬಣ್ಣ ಬಂದ ಮಗುವಿನ ಮುಂದೆ ನಿಂತ ಶಿಕ್ಷಕರಿಗೂ ಅದು ಬೇಕು.

ಚಕ್ರ ಹೇಳದೇ ಬಿಡುವ ಇನ್ನೊಂದು ದೊಡ್ಡ ಸಂಗತಿ ತಿಳಿ–ಗಾಢ. ಕೆಂಪು, ಹಸಿರು ಬೇರೆ ಬೇರೆ ಮನೆಗಳಲ್ಲಿದ್ದರೂ ತಿಳಿ–ಗಾಢದಲ್ಲಿ ಅವು ಸಮನಾಗಿದ್ದರೆ ಗೊಂಬೆಯಲ್ಲಿ ಅಂಚೇ ಕಾಣುವುದಿಲ್ಲ. ಪರೀಕ್ಷಿಸುವುದು ಸುಲಭ: ಮೊಬೈಲಿನಲ್ಲಿ ಗೊಂಬೆಯ ಕಪ್ಪು–ಬಿಳುಪು ಚಿತ್ರ ತೆಗೆಯಿರಿ. ರವಿಕೆ ಎಲ್ಲಿ ಮುಗಿದು ಸೀರೆ ಎಲ್ಲಿ ಶುರುವಾಯಿತು ಎಂದು ಗೊತ್ತಾಗದಿದ್ದರೆ ಒಂದನ್ನು ತಿಳಿಯಾಗಿಸಿ, ಇಲ್ಲವೇ ನಡುವೆ ಒಂದು ಕಡುಗಂದಿನ ಗೆರೆ ಎಳೆಯಿರಿ. ಬಣ್ಣಕ್ಕೆ ಮೂರು ಅಳತೆಗಳಿವೆ, ಜಾತಿ, ತಿಳಿ–ಗಾಢ, ತೀಕ್ಷ್ಣತೆ, ಎಂದು ವ್ಯವಸ್ಥಿತವಾಗಿ ವಿಂಗಡಿಸಿ 1905ರಲ್ಲಿ ಪುಸ್ತಕ ಬರೆದ ಆಲ್ಬರ್ಟ್ ಮನ್ಸೆಲ್ ಅಮೆರಿಕದ ಮೆಸಾಚುಸೆಟ್ಸ್ ನಾರ್ಮಲ್ ಆರ್ಟ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವನು. ಚಿತ್ರಕಲಾ ಶಿಕ್ಷಕರನ್ನು ತಯಾರು ಮಾಡಲೆಂದೇ ಹುಟ್ಟಿದ ಸಂಸ್ಥೆ ಅದು, ನಮ್ಮಂಥದ್ದೇ. ಜಗತ್ತಿನ ಕಾರ್ಖಾನೆಗಳು ಇಂದಿಗೂ ಬಳಸುವ ಬಣ್ಣದ ಅಳತೆಗೋಲು ಶಿಕ್ಷಕ ತರಬೇತಿಯ ಕೊಠಡಿಯೊಂದರ ಪಾಠದ ತೊಡಕಿನಿಂದ ಬಂತು ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ನಾವು ಹೇಳುವುದೇ ಇಲ್ಲ.

ಮಾಡುವ ಬಗೆಯನ್ನು ಚುಟುಕಾಗಿ ಹೇಳುತ್ತೇನೆ. ಒಣಗಿದ ಗೊಂಬೆಯನ್ನು ಬಾಟಲಿಯ ಮುಚ್ಚಳಕ್ಕೆ ಅಂಟಿಸಿ, ಮಗು ಮುಚ್ಚಳವನ್ನು ಹಿಡಿಯಲಿ, ಗೊಂಬೆಯನ್ನಲ್ಲ. ಮೊದಲು ಇಡೀ ಗೊಂಬೆಗೆ ಕಡುಬೂದು. ಅದಕ್ಕೆ ಸ್ವಲ್ಪ ಬಿಳಿ ಅಂಟು ಬೆರೆಸಿರಬೇಕು, ಇಲ್ಲದಿದ್ದರೆ ಮೇಲೆ ಹಚ್ಚುವ ಬಣ್ಣದ ನೀರಿಗೆ ಪೋಸ್ಟರ್ ಬಣ್ಣ ಕರಗಿ ಎದ್ದು ಬರುತ್ತದೆ. ಒಣಗಿದ ಮೇಲೆ ಕುಂಚದಲ್ಲಿ ಬಿಳಿ ತೆಗೆದು, ಬಟ್ಟೆಗೆ ಒರೆಸಿ, ಹೆಚ್ಚುಕಡಿಮೆ ಒಣಕುಂಚದಿಂದ ಮೇಲಿನಿಂದ ಕೆಳಗೆ ಹಗುರವಾಗಿ ಸವರಬೇಕು. ಉಬ್ಬುಗಳು ಬಿಳಿಯನ್ನು ಹಿಡಿಯುತ್ತವೆ, ತಗ್ಗುಗಳು ಬೂದಾಗಿ ಉಳಿಯುತ್ತವೆ. ಬಿಸಿಲು ಎಲ್ಲಿ ಬಿದ್ದಿದೆ ಎಂಬುದು ಬಣ್ಣ ಬರುವ ಮೊದಲೇ ಕಂಡಿತು. ಆಮೇಲೆ ತೆಳುವಾದ ಬಣ್ಣ, ಒಂದು ದಪ್ಪ ಲೇಪದ ಬದಲು ಎರಡು ತೆಳು ಲೇಪ. ಕಪ್ಪಿನ ಡಬ್ಬಿಯನ್ನು ಬೂದು ಕಲಸಿದ ಕೂಡಲೇ ಶಿಕ್ಷಕರ ಮೇಜಿಗೆ ಎತ್ತಿಟ್ಟುಕೊಳ್ಳಿ. ಐವರಿಗೆ ಒಂದು ಗೊಂಬೆಯಾದರೂ ಸಾಕು. ಯಾವ ಬಣ್ಣ ಎಲ್ಲಿಗೆ ಎಂಬ ಜಗಳವೇ ಪಾಠದ ಅರ್ಧ ಭಾಗ.

ಇದು ಒಂದು ಅವಧಿಯಲ್ಲಿ ಮುಗಿಯುವ ಪಾಠವಲ್ಲ ಎಂಬ ಆಕ್ಷೇಪ ಬರುತ್ತದೆ. ನಿಜ, ಮೂರು ಅವಧಿ ಬೇಕು, ಒಣಗಲು ರಾತ್ರಿಯೊಂದು ಬೇಕು. ಅಭ್ಯಾಸ ಬೋಧನೆಯ ವೇಳಾಪಟ್ಟಿಯಲ್ಲಿ ಒಂದೊಂದು ಪಾಠಕ್ಕೂ ಪ್ರತ್ಯೇಕ ಅಂಕವಿರುವುದರಿಂದ ಪ್ರಶಿಕ್ಷಣಾರ್ಥಿ ಇಂಥದ್ದಕ್ಕೆ ಕೈಹಾಕಲು ಹೆದರುತ್ತಾರೆ. ಬದಲಾಗಬೇಕಾದದ್ದು ಪ್ರಶಿಕ್ಷಣಾರ್ಥಿಯಲ್ಲ, ನಮ್ಮ ಅಂಕಪಟ್ಟಿ. ಇನ್ನೊಂದು ಆಕ್ಷೇಪಕ್ಕೆ ನನ್ನಲ್ಲಿ ಹೆಚ್ಚು ಗೌರವವಿದೆ: ನಮ್ಮ ಗೊಂಬೆ ಕಲೆಗೆ ಇಂಥ ನೆರಳು–ಬೆಳಕಿನ ಹಂಗು ಎಲ್ಲಿತ್ತು? ಕಿನ್ನಾಳದ ಚಿತ್ರಗಾರರ ಗೊಂಬೆಗಳಲ್ಲಿ ಗಾಢ ಬಣ್ಣಗಳು ಬೆರೆಯದೆ ಅಕ್ಕಪಕ್ಕ ನಿಲ್ಲುತ್ತವೆ. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಬಣ್ಣದ ಕಡ್ಡಿ ಒತ್ತಿದಾಗ ಬರುವುದು ಅಚ್ಚುಕಟ್ಟಾದ ಬಣ್ಣದ ಬಳೆ, ಅಲ್ಲಿ ನೆರಳಿಗೆ ಜಾಗವೇ ಇಲ್ಲ. ಒಪ್ಪುತ್ತೇನೆ. ಅದೂ ಬಣ್ಣದ ತಿಳಿವಳಿಕೆಯೇ: ಗೊಂಬೆ ದೂರದಿಂದ ಓದಿಸಿಕೊಳ್ಳಬೇಕೆಂಬ ಅದೇ ಸಮಸ್ಯೆಗೆ ಸಿಕ್ಕ ಬೇರೆ ಉತ್ತರ. ಎರಡು ಗುಂಪು ಮಾಡಿ, ಒಂದು ಗುಂಪು ನೆರಳು ಬರೆಯಲಿ, ಇನ್ನೊಂದು ಕಿನ್ನಾಳದ ಹಾಗೆ ಅಪ್ಪಟ ಬಣ್ಣಗಳನ್ನು ಇಡಲಿ. ಎರಡೂ ಗೊಂಬೆಗಳನ್ನು ಕಪ್ಪುಹಲಗೆಯ ಕೆಳಗಿಟ್ಟು ಕೊನೆಯ ಬೆಂಚಿನಿಂದ ನೋಡಲಿ. ಯಾವುದು ಚೆನ್ನಾಗಿ ಕಾಣುತ್ತದೆ ಎಂದು ನಾವು ಮೊದಲೇ ಹೇಳದಿದ್ದರಾಯಿತು.

ಸಹೋದ್ಯೋಗಿಗಳಲ್ಲಿ ನನ್ನ ಕೋರಿಕೆ ಚಿಕ್ಕದು. ಮುಂದಿನ ಸಾಲಿನ ವೀಕ್ಷಣಾ ನಮೂನೆಯಲ್ಲಿ ಚಾರ್ಟಿನ ಅಂದಕ್ಕೆ ಕೊಡುವ ಅಂಕದಲ್ಲಿ ಅರ್ಧವನ್ನು ತೆಗೆದು, ‘ಮಕ್ಕಳು ಬೆರೆಸಿದ ಬಣ್ಣ ನಿರೀಕ್ಷೆಯಂತೆ ಬರದಿದ್ದಾಗ ಪ್ರಶಿಕ್ಷಣಾರ್ಥಿ ಏನು ಮಾಡಿದರು?’ ಎಂಬ ಸಾಲಿಗೆ ಕೊಡೋಣ. ಪ್ರಶಿಕ್ಷಣಾರ್ಥಿಗಳು ಮೌಲ್ಯಮಾಪನದ ಕಾಲಮಿನಲ್ಲಿ ಪ್ರಾಥಮಿಕ ಬಣ್ಣಗಳ ಪ್ರಶ್ನೆಯನ್ನು ಅಳಿಸಿ ಇದನ್ನು ಬರೆಯಲಿ: ‘ನಿನ್ನ ಗೊಂಬೆಯ ಸೀರೆಗೆ ಈ ನೆರಳನ್ನು ಯಾವ ಎರಡು ಬಣ್ಣಗಳಿಂದ ಮಾಡಿದೆ, ಬೇರೆ ಯಾವುದನ್ನು ಮೊದಲು ಮಾಡಿ ಬಿಟ್ಟೆ?’