ನೀರು ಹೋದರೆ ನೋವಿಗೆ ಕಾಯಬೇಡಿ, ಗಡಿಯಾರ ನೋಡಿ

‘ನೀರು ಹೋಗಿದೆ, ಆದ್ರೆ ನೋವು ಬಂದಿಲ್ಲ. ಬರಲಿ, ಆಮೇಲೆ ಆಸ್ಪತ್ರೆಗೆ ಹೋದ್ರಾಯ್ತು.’ ಹಳ್ಳಿಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತಿದು. ಹೇಳುವ ಹಿರಿಯರದು ಕೆಟ್ಟ ಮನಸ್ಸಲ್ಲ. ಆದರೆ ಈ ರೂಢಿ ಬಿಡಬೇಕು ಅನ್ನುವುದು ನಮ್ಮ ಮಾತು.

ದಿನ ತುಂಬಿದ, ಅಂದರೆ 37 ವಾರ ದಾಟಿದ ನೂರು ಗರ್ಭಿಣಿಯರಲ್ಲಿ ಸುಮಾರು 8 ಜನರಿಗೆ ನೋವಿಗೆ ಮೊದಲೇ ನೀರು ಹೋಗುತ್ತದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ 24 ಗಂಟೆಯೊಳಗೆ ತಾನಾಗಿಯೇ ನೋವು ಶುರುವಾಗುತ್ತದೆ. ಹಾಗಾಗಿ ಗಾಬರಿ ಬೇಡ. ಆದರೆ ನೀರಿನ ಚೀಲ ಮಗುವಿಗೆ ಕಾವಲಿದ್ದಂತೆ. ಅದು ಒಡೆದು ಹೊತ್ತಾದಷ್ಟೂ ಸೋಂಕಿನ ಭಯ ಹೆಚ್ಚು.

ಹಾಗಾದರೆ ಕೂಡಲೇ ನೋವು ಬರಿಸಬೇಕೋ, ಕಾಯಬೇಕೋ? ಆರು ದೇಶಗಳ 5,041 ತಾಯಂದಿರ ಮೇಲೆ ನಡೆದ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಕೂಡಲೇ ನೋವು ಬರಿಸಿದರೂ, ನಾಲ್ಕು ದಿನದವರೆಗೆ ಕಾದರೂ ಸಿಸೇರಿಯನ್ ಮತ್ತು ಮಗುವಿನ ಸೋಂಕಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ತಾಯಿಯ ಸೋಂಕಿನಲ್ಲಿ ಮಾತ್ರ ವ್ಯತ್ಯಾಸ: ಕೂಡಲೇ ಆಕ್ಸಿಟೋಸಿನ್ ಡ್ರಿಪ್ ಪಡೆದವರಲ್ಲಿ ನೂರಕ್ಕೆ 4, ಕಾದವರಲ್ಲಿ 8ಕ್ಕೂ ಹೆಚ್ಚು. ‘ಡ್ರಿಪ್ ಹಾಕಿದರೆ ಆಪರೇಷನ್ನೇ ಗತಿ’ ಅನ್ನುವ ಭಯಕ್ಕೆ ಇಲ್ಲಿ ಆಧಾರ ಸಿಗಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಇಂಥವರಿಗೆ ನೋವು ಬರಿಸಿ ಎನ್ನುತ್ತದೆ. ಬ್ರಿಟನ್ನಿನ ಮಾರ್ಗಸೂಚಿ 24 ಗಂಟೆಯವರೆಗೆ ಕಾಯುವ ಆಯ್ಕೆಯನ್ನೂ ತಾಯಿಗೆ ಕೊಡುತ್ತದೆ. ಆದರೆ ಅಲ್ಲಿ ಕಾಯುವುದೆಂದರೆ ಜ್ವರ ನೋಡುವುದು, ಮಗುವಿನ ಚಲನೆ ಗಮನಿಸುವುದು, ಏನಾದರೂ ಆದರೆ ತಕ್ಷಣ ಆಸ್ಪತ್ರೆ ಸೇರುವುದು. ರಾತ್ರಿ ಬಸ್ಸಿಲ್ಲದ, ತಾಲ್ಲೂಕು ಆಸ್ಪತ್ರೆ ದೂರವಿರುವ ಊರಿನಲ್ಲಿ ಕಾಯುವುದಿದ್ದರೆ ಆಸ್ಪತ್ರೆಯಲ್ಲೇ ಕಾಯಬೇಕು.

ಹಾಗಾಗಿ ನೀರು ಹೋದ ಹೊತ್ತನ್ನು ತಾಯಿ ಕಾರ್ಡಿನ ಮೇಲೆ ಬರೆದಿಡಿ. ಬಟ್ಟೆ ತುರುಕಬೇಡಿ, ಸ್ವಚ್ಛ ಪ್ಯಾಡ್ ಇಟ್ಟುಕೊಳ್ಳಿ. ಆಶಾ ಕಾರ್ಯಕರ್ತೆಗೆ ತಿಳಿಸಿ, 108ಕ್ಕೆ ಕರೆ ಮಾಡಿ. ನೀರು ಹಸಿರಾಗಿದ್ದರೆ, ವಾಸನೆ ಬಂದರೆ, ರಕ್ತ ಹೋದರೆ, ಜ್ವರ ಬಂದರೆ, ಮಗುವಿನ ಓಡಾಟ ಕಡಿಮೆಯಾದರೆ, ಹೊಕ್ಕುಳಬಳ್ಳಿ ಹೊರಗೆ ಕಂಡರೆ ಒಂದು ನಿಮಿಷವೂ ತಡ ಬೇಡ. ಮನೆಯಲ್ಲಿ ಯಾರಿಂದಲೂ ನೋವಿನ ಇಂಜೆಕ್ಷನ್ ಹಾಕಿಸಬೇಡಿ. ಅಳತೆ ತಪ್ಪಿದರೆ ಗರ್ಭಕೋಶವೇ ಹರಿಯಬಹುದು.

ಆಸ್ಪತ್ರೆಯವರಿಗೂ ನಮ್ಮದೊಂದು ಮಾತಿದೆ. ‘ನೋವು ಬಂದಮೇಲೆ ಬಾ’ ಎಂದು ವಾಪಸ್ ಕಳಿಸಬೇಡಿ. ಯಾವಾಗ ನೋವು ಬರಿಸುತ್ತೀರಿ, ಎಷ್ಟು ಹೊತ್ತು ಕಾಯುತ್ತೀರಿ, ಯಾಕೆ ಎಂದು ತಾಯಿಗೇ ಬಿಡಿಸಿ ಹೇಳಿ. ಹೇಳದಿದ್ದರೆ ನೀವೇ ಕೇಳಿ, ಅಕ್ಕ. ಅದು ಉದ್ಧಟತನ ಅಲ್ಲ, ನಿಮ್ಮ ಹಕ್ಕು.