ಮಾವನವರ ಖಾತೆ

ಕಂದಾಯ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಶಿರಸ್ತೇದಾರರಾಗಿ ನಿವೃತ್ತರಾದ ನನ್ನ ಮಾವನವರನ್ನು ನಾನು ಕಳೆದ ತಿಂಗಳು ‘ಸಾಮಾನ್ಯ ಬಳಕೆದಾರ’ರ ವರ್ಗಕ್ಕೆ ಸೇರಿಸಿದೆನು. ಇದು ಎಷ್ಟು ಅಪಾಯದ ಕಾರ್ಯವೆಂಬುದನ್ನು ಅಳಿಯಂದಿರಾದವರೇ ಬಲ್ಲರು.

ಅವರ ಲ್ಯಾಪ್‌ಟಾಪು ಬಹಳ ಹಳೆಯದು. ಅದರಲ್ಲಿದ್ದ ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಈ ಮುದಿಯಂತ್ರ ಅರ್ಹವಲ್ಲ. ಹೊಸದನ್ನು ಕೊಳ್ಳೋಣವೆಂದರೆ, “ಓಡುತ್ತಿರುವ ಗಾಡಿಯನ್ನು ಗುಜರಿಗೆ ಹಾಕುವವರುಂಟೆ?” ಎಂದರು. ಲಿನಕ್ಸ್ ಎಂಬುದೊಂದಿದೆ, 1991ರಲ್ಲಿ ಫಿನ್ಲೆಂಡಿನ ಲೈನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿದ್ದು, ಹಣ ಕೊಡಬೇಕಾದುದಿಲ್ಲ ಎಂದೆ. ಕೊನೆಯ ಮಾತು ಅವರಿಗೆ ರುಚಿಸಿತು.

ಆ ಯಂತ್ರದಲ್ಲಿ ಬೆಲೆಯುಳ್ಳ ವಸ್ತುವೆಂದರೆ ಒಂದೇ. ಅತ್ತೆಯವರು ತೀರಿಕೊಂಡ ಮೇಲೆ ಮಾವನವರು ಒಂದೇ ಬೆರಳಿನಿಂದ ಅಕ್ಷರಕ್ಕೆ ಅಕ್ಷರ ಒತ್ತಿ, ತಮ್ಮ ಸಂಸಾರದ ಕಥೆಯನ್ನು ಇನ್ನೂರೆಂಬತ್ತು ಪುಟ ಬರೆದಿದ್ದಾರೆ. ಹನ್ನೊಂದು ವರ್ಗಾವಣೆಗಳು, ಹನ್ನೊಂದು ಬಾಡಿಗೆ ಮನೆಗಳು. ಅದನ್ನು ಅವರು ಮಗಳಿಗೂ ತೋರಿಸಿಲ್ಲ. ನಾನು ಆ ಕಡತವನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಂಡು, ಡೆಬಿಯನ್ ಎಂಬ ಲಿನಕ್ಸನ್ನು ಅಳವಡಿಸಿದೆನು. ಅಳವಡಿಸುವಾಗ ಅದು ಮೊದಲ ಬಳಕೆದಾರನ ಹೆಸರನ್ನು ಕೇಳಿತು. ಅವಸರದಲ್ಲಿ ನನ್ನ ಹೆಸರನ್ನೇ ಕೊಟ್ಟುಬಿಟ್ಟೆ.

“ಯಂತ್ರ ನನ್ನದು. ಯಜಮಾನನ ಹೆಸರಿನಲ್ಲಿಯೇ ನಾನು ಒಳಹೊಕ್ಕರೆ ಏನಡ್ಡಿ?” ಎಂದು ಮಾವನವರು ಕೇಳಿದರು. ಕೇಳತಕ್ಕ ಪ್ರಶ್ನೆಯೇ. ಲಿನಕ್ಸಿನಲ್ಲಿ ಯಜಮಾನನಿಗೆ ‘ರೂಟ್’ ಎಂದು ಹೆಸರು. ಅವನು ಏನು ಆಜ್ಞಾಪಿಸಿದರೂ ಯಂತ್ರ ಮರುಮಾತಾಡದು. ಇಡೀ ವ್ಯವಸ್ಥೆಯನ್ನು ಅಳಿಸೆಂದರೂ ಅಳಿಸೀತು. ಅದಕ್ಕಿಂತ ಮಿಗಿಲಾದ ತೊಡಕೆಂದರೆ, ಚಿತ್ರಮಯ ತೆರೆಯೊಂದನ್ನು ನಡೆಸಲು ತೆರೆಯ ಹಿಂದೆ ಹತ್ತಾರು ಕಾರ್ಯಕ್ರಮಗಳು ಓಡುತ್ತಿರುತ್ತವೆ, ಒಡೆಯನ ಅಧಿಕಾರ ಅವಕ್ಕೆಲ್ಲ ಬರುತ್ತದೆ. ರೂಟನಾಗಿ ಕುಳಿತು ಜಾಲದಲ್ಲಿ ವಾರ್ತೆ ಓದುವುದೆಂದರೆ, ಜಿಲ್ಲಾಧಿಕಾರಿಗಳ ಮೊಹರನ್ನು ಜವಾನನ ಜೇಬಿನಲ್ಲಿಟ್ಟು ತರಕಾರಿಗೆ ಕಳುಹಿಸಿದಂತೆ. ಈ ಹೋಲಿಕೆ ಅವರಿಗೆ ನಾಟಿತು. ಡೆಬಿಯನ್ನಿನಲ್ಲಿ ‘ಜಿಡಿಎಂ’ ಎಂಬ ದ್ವಾರಪಾಲಕನಂತೂ ರೂಟನನ್ನು ಒಳಗೆ ಬಿಡಲೇ ಒಪ್ಪುವುದಿಲ್ಲ.

ಇನ್ನೊಂದು ಸಮಾಧಾನವೂ ದೊರೆಯಿತು. ಇಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆಯುಂಟು. ಡೆಬಿಯನ್ನಿನಲ್ಲಿ ಸಾಮಾನ್ಯರ ಎಣಿಕೆ 1000ದಿಂದ ಮೊದಲಾಗುತ್ತದೆ. ನನ್ನದು ಅದೇ. ಅವರದು 1001. ಯಜಮಾನ ರೂಟನದು 0. “ನನ್ನದು ಮುಯ್ಯಿಯ ಲೆಕ್ಕ, ಯಜಮಾನನದು ಸೊನ್ನೆ!” ಎಂದು ಮಾವನವರು ನಕ್ಕರು.

ಇನ್ನು ಬಾಗಿಲಿನ ಮಾತು. 1969ರಲ್ಲಿ ಹುಟ್ಟಿದ ಯುನಿಕ್ಸಿನ ಕಾಲದಿಂದಲೂ ಹೆಸರು, ಗುಟ್ಟಿನ ಪದ ಎರಡನ್ನೂ ಬರಿಯ ಅಕ್ಷರಗಳಲ್ಲಿ ಕೇಳುವುದು ವಾಡಿಕೆ. ಚಿತ್ರಮಯ ತೆರೆಗೆ ಆಧಾರವಾದ ‘ಎಕ್ಸ್’ ವ್ಯವಸ್ಥೆ 1984ರಲ್ಲಿ ಅಮೆರಿಕೆಯ ಎಂಐಟಿಯಲ್ಲಿ ಆರಂಭವಾಯಿತು. ಅದರ ಬಾಗಿಲಲ್ಲಿ ನಿಂತು ವಿಚಾರಿಸುವ ‘ಎಕ್ಸ್‌ಡಿಎಂ’ 1988ರಲ್ಲಿ ಬಂದಿತು. ನಾನು ಹಗುರವಾದ ಎಕ್ಸ್‌ಎಫ್‌ಸಿಇ ತೆರೆಯನ್ನೂ, ‘ಲೈಟ್‌ಡಿಎಂ’ ಎಂಬ ದ್ವಾರಪಾಲಕನನ್ನೂ ಆರಿಸಿಕೊಂಡೆನು.

ಪ್ರಮಾದ ನಡೆದುದು ಇಲ್ಲಿ. ಕಡತಗಳು ಮೊದಲು ಸುರಕ್ಷಿತವಾಗಲೆಂಬ ಆತುರದಿಂದ, ರೂಟನ ಅಧಿಕಾರದಲ್ಲಿ ‘ಹೋಮ್’ ಎಂಬ ಕೋಶದೊಳಗೆ ಮಾವನವರ ಹೆಸರಿನ ಕೋಶವೊಂದನ್ನು ನಾನೇ ತೆರೆದು, ಇನ್ನೂರೆಂಬತ್ತು ಪುಟಗಳನ್ನೂ ಅದಕ್ಕೆ ತುಂಬಿದೆ. ಆಮೇಲೆ ‘ಆಡ್‌ಯೂಸರ್’ ಎಂಬ ಆಜ್ಞೆಯಿಂದ ಅವರ ಖಾತೆಯನ್ನು ತೆರೆದೆ. ಈ ಮನೆ ಆಗಲೇ ಇದೆ, ಇದು ಇವರಿಗೆ ಸೇರಿದುದಲ್ಲ ಎಂದು ಯಂತ್ರವು ಎಚ್ಚರಿಕೆ ಕೊಟ್ಟಿತು. ವಿದ್ಯಾರ್ಥಿಗಳಿಗೆ ಅಡಿಟಿಪ್ಪಣಿಯನ್ನೂ ಬಿಡದೆ ಓದಿರೆಂದು ಬೋಧಿಸುವ ನಾನು ಅದನ್ನು ಓದಲಿಲ್ಲ.

ಮರುದಿನ ಬೆಳಿಗ್ಗೆ ಮಾವನವರು ಸ್ನಾನ ಮುಗಿಸಿ, ಕನ್ನಡಕವೇರಿಸಿ ಕುಳಿತರು. ಹೆಸರನ್ನು ಒತ್ತಿದರು, ಗುಟ್ಟಿನ ಪದವನ್ನೂ ಒತ್ತಿದರು. ತೆರೆ ಒಂದು ಕ್ಷಣ ಕಪ್ಪಾಗಿ, ಮರಳಿ ಅದೇ ಬಾಗಿಲು. ಮತ್ತೆ ಒತ್ತಿದರು. ಮತ್ತೆ ಅದೇ. ಪದ ತಪ್ಪೆಂದು ಯಂತ್ರ ಹೇಳಲೂ ಇಲ್ಲ, ಒಳಗೆ ಬಿಡಲೂ ಇಲ್ಲ. ಆರನೆಯ ಸಲದ ತರುವಾಯ ಅವರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, “ಬರೆದದ್ದು ಹೋಯಿತೆ?” ಎಂದರು. ಆ ಧ್ವನಿಯನ್ನು ನಾನು ಅತ್ತೆಯವರ ಕಾಯಿಲೆಯ ದಿನಗಳಲ್ಲಿ ಒಮ್ಮೆ ಕೇಳಿದ್ದೆ. ಅಡುಗೆಮನೆಯಿಂದ ಬಂದ ನನ್ನಾಕೆ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸಲಾರೆ.

ಕಂಟ್ರೋಲ್, ಆಲ್ಟ್, ಎಫ್2 ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಹಳೆಯ ಅಕ್ಷರಬಾಗಿಲು ತೆರೆದುಕೊಳ್ಳುತ್ತದೆ. ಅಲ್ಲಿ ಅದೇ ಹೆಸರು, ಅದೇ ಪದ ಕೊಟ್ಟೊಡನೆ ಅವರು ಒಳಗಿದ್ದರು. ಕಡತವೂ ಇತ್ತು! ‘ಎಲ್‌ಎಸ್’ ಎಂಬ ಆಜ್ಞೆಯಿಂದ ಕೋಶದ ವಿವರವನ್ನು ತರಿಸಿದೆ. ಒಡೆಯನ ಅಂಕಣದಲ್ಲಿ ‘ರೂಟ್’ ಎಂದಿತ್ತು.

ಮಾವನವರು ಕನ್ನಡಕವನ್ನು ಸರಿಪಡಿಸಿಕೊಂಡು ಬಾಗಿ ನೋಡಿದರು. “ಇದೇನು, ಅಳಿಯಂದಿರೆ? ವಾಸ ನನ್ನದು, ಖಾತೆ ಇನ್ನೊಬ್ಬನದು! ಖಾತೆ ಬದಲಾವಣೆ ಮಾಡಿಸದೆ ಮನೆ ಒಪ್ಪಿಸಿದ್ದೀರಲ್ಲ!” ಎಂದರು.

ವಿಷಯ ಅಷ್ಟೇ ಆಗಿತ್ತು. ಚಿತ್ರಮಯ ತೆರೆ ತೆರೆಯುವಾಗ ದ್ವಾರಪಾಲಕನು ಬಳಕೆದಾರರ ಮನೆಯೊಳಗೆ ‘ಎಕ್ಸ್‌ಅಥಾರಿಟಿ’ ಎಂಬ ಗುಪ್ತ ರಹದಾರಿಯೊಂದನ್ನು ಬರೆದಿಡಬೇಕು. ಮನೆ ರೂಟನದಾದ್ದರಿಂದ ಮಾವನವರ ಹೆಸರಿನಲ್ಲಿ ಅಲ್ಲಿ ಒಂದು ಗೀಟನ್ನೂ ಎಳೆಯುವಂತಿರಲಿಲ್ಲ. ರಹದಾರಿಯಿಲ್ಲದೆ ತೆರೆಯಿಲ್ಲ. ಅಕ್ಷರಬಾಗಿಲಿಗೆ ಅದರ ಗೊಡವೆಯಿಲ್ಲ, ಆದುದರಿಂದ ಅಲ್ಲಿ ಬಿಟ್ಟಿತು. ರೂಟನಾಗಿ ‘ಚೌನ್’ ಎಂಬ ಆಜ್ಞೆಯನ್ನು ಕೊಟ್ಟು, ಕೋಶವನ್ನೂ ಅದರೊಳಗಿನ ಸಕಲವನ್ನೂ ಅವರ ಹೆಸರಿಗೆ ವರ್ಗಾಯಿಸಿದೆನು. ಒಂದೇ ಸಾಲು. ತಾಲ್ಲೂಕು ಕಚೇರಿಯಲ್ಲಿ ಇದಕ್ಕೆ ಎಷ್ಟು ದಿನ ಹಿಡಿಯುತ್ತಿತ್ತೆಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಬಾಗಿಲಿಗೆ ಮರಳಿದೆವು. ಹೆಸರು, ಪದ. ತೆರೆ ಕಪ್ಪಾಯಿತು, ನನ್ನಾಕೆ ಉಸಿರು ಬಿಗಿಹಿಡಿದಳು. ನೀಲಿಯ ತೆರೆ ಅರಳಿತು. ಮಾವನವರು ತಮ್ಮ ಕಡತವನ್ನು ತೆರೆದು, ಕೊನೆಯ ಪುಟಕ್ಕೆ ಹೋಗಿ, ಬಹಳ ಹೊತ್ತು ಓದಿದರು. ಆಮೇಲೆ ನನ್ನತ್ತ ತಿರುಗಿ, “ಈ ಗುಟ್ಟಿನ ಪದ ನೀವು ಇಟ್ಟದ್ದಲ್ಲವೆ? ಇದನ್ನು ಬದಲಾಯಿಸುವ ಬಗೆ ಹೇಗೆ?” ಎಂದು ಕೇಳಿದರು.

ಹೇಳಿಕೊಟ್ಟೆ. ಅವರು ಹೊಸ ಪದವನ್ನು ಒಂದೇ ಬೆರಳಿನಿಂದ ಎರಡು ಸಲ ಒತ್ತುವವರೆಗೆ ನಾನು ಕಿಟಕಿಯ ಕಡೆಗೆ ಮುಖ ಮಾಡಿ ನಿಂತಿದ್ದೆನು.