ಭೋರ್ ಘಾಟಿಯಲ್ಲಿ ಏರ್‌ಫ್ಲೋ
ಗಾಳಿಯನ್ನು ಸೀಳಿ ಸಾಗಲೆಂದೇ ಮೈ ತಿದ್ದಿಸಿಕೊಂಡ 1934ರ ಕ್ರೈಸ್ಲರ್ ಏರ್‌ಫ್ಲೋದಂಥ ಕಾರಿಗೆ ನಿಜವಾದ ಪರೀಕ್ಷೆ ಎದುರಾಗುವುದು ಮಹಾರಾಷ್ಟ್ರದ ಖೋಪೋಲಿಯಿಂದ ಲೋಣಾವಳಾಕ್ಕೆ ಹತ್ತುವ ಭೋರ್ ಘಾಟಿಯಲ್ಲಿ. ಅಲ್ಲಿ ವೇಗ ಕಡಿಮೆ, ಎಂಜಿನ್ನಿಗೆ ದುಡಿಮೆ ಹೆಚ್ಚು. ನುಗ್ಗಿಬರುವ ಗಾಳಿ ಸಾಲದೆ ರೇಡಿಯೇಟರ್ ಕುದಿಯುತ್ತದೆ, ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಗಾಡಿ ನಿಲ್ಲುತ್ತದೆ. ಹಾಗೆಂದು ಮೂಲ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಬಾರದು. ಎಂಜಿನ್ನನ್ನು ಮುಂದಿನ ಆಕ್ಸಲ್ ಮೇಲಕ್ಕೆ ಸರಿಸಿ, ಹಿಂದಿನ ಸೀಟನ್ನು ಹಿಂಚಕ್ರಗಳ ಮುಂದಕ್ಕೆ ತಂದ ಕ್ರೈಸ್ಲರ್ ಎಂಜಿನಿಯರ್ ಕಾರ್ಲ್ ಬ್ರೀರ್ ತಂಡದ ಜಾಣ್ಮೆ ಹಾಗೇ ಉಳಿಯಬೇಕು. ರೇಡಿಯೇಟರ್ ಒಳಗನ್ನು ತೊಳೆಸಿ, ಮರೆಯಲ್ಲೊಂದು ಎಲೆಕ್ಟ್ರಿಕ್ ಫ್ಯಾನ್, ಟ್ಯಾಂಕಿನ ಬಳಿ ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್, ಇಳಿಜಾರಿಗೆ ಹೊಸ ಬ್ರೇಕ್ ಲೈನಿಂಗ್ ಹಾಕಿಸಿದರೆ ಬಹುಪಾಲು ತೊಂದರೆ ನೀಗುತ್ತದೆ. ನಾಳೆ ಬಿಚ್ಚಿ ತೆಗೆಯಬಹುದಾದ ಮಾರ್ಪಾಡೇ ಹಳೆಯ ಕಾರಿಗೆ ನಾವು ಸಲ್ಲಿಸುವ ಗೌರವ.